ಮಾವನ ಮನೆಯಲ್ಲಿ ಗೆದ್ದ ಮ್ಯಾಚು

ಹೆಂಡತಿಯ ತಂಗಿಯ ಗಂಡನಿಗೆ ಷಡ್ಡಕ ಎನ್ನುತ್ತಾರೆ. ಅಣ್ಣತಮ್ಮಂದಿರು ಜಗಳವಾಡಿದರೆ ಊರು ಪಂಚಾಯಿತಿ ಸೇರಿಸುತ್ತದೆ. ಷಡ್ಡಕರ ಜಗಳಕ್ಕೆ ಪಂಚಾಯಿತಿಯಿಲ್ಲ, ಯಾಕೆಂದರೆ ಅದು ಜಗಳದ ಹಾಗೆ ಕಾಣುವುದೇ ಇಲ್ಲ. ಇಬ್ಬರೂ ಮಾವನ ಮನೆಯಲ್ಲಿ ನಗುನಗುತ್ತಾ ಊಟಕ್ಕೆ ಕೂತಿರುತ್ತಾರೆ, ಒಬ್ಬನ ಎಲೆಗೆ ಬಿದ್ದ ತುಪ್ಪವನ್ನು ಇನ್ನೊಬ್ಬ ಓರೆಗಣ್ಣಲ್ಲಿ ಅಳೆಯುತ್ತಿರುತ್ತಾನೆ. ನನಗೂ ಒಬ್ಬ ಷಡ್ಡಕನಿದ್ದಾನೆ. ಹೆಸರು ಸಿದ್ದರಾಜು, ಯಳಂದೂರಿನಲ್ಲಿ ನೀರೆತ್ತುವ ಪಂಪುಗಳ ಅಂಗಡಿ. ಒಳ್ಳೆಯವನು. ಅವನ ಮೇಲೆ ನನಗಿರುವ ದೊಡ್ಡ ದೂರೇ ಅದು. ಕೆಟ್ಟವನಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು.

ನಾನು ಕೊಳ್ಳೇಗಾಲದ ಒಂದು ಹೈಸ್ಕೂಲಿನಲ್ಲಿ ಆಟದ ಮೇಷ್ಟ್ರು. ಅಂದರೆ ಮಳೆ ಬಂದ ದಿನ ಗಣಿತದ ಮೇಷ್ಟ್ರಿಗೆ ಪೀರಿಯಡ್ಡು ಬಿಟ್ಟುಕೊಡುವವನು, ಬಿಸಿಲು ಬಂದ ದಿನವೂ ಬಿಟ್ಟುಕೊಡುವವನು. ಆದರೂ ಶಾಲೆಯಲ್ಲಿ ಒಂದು ಫುಟ್‌ಬಾಲಿದೆ, ಅದಕ್ಕೆ ಗಾಳಿ ತುಂಬುವ ಅಧಿಕಾರ ನನ್ನೊಬ್ಬನದೇ. ಹಾಗಾಗಿ ಹೋದ ವರ್ಷದ ದೀಪಾವಳಿಗೆ ಹನೂರಿನ ಮಾವನ ಮನೆಗೆ ಹೋದಾಗ, ನನ್ನ ಬಾಮೈದ ಮಾದೇಶ ಟೀವಿಗೆ ಗೇಮಿನ ಪೆಟ್ಟಿಗೆಯೊಂದನ್ನು ಸಿಕ್ಕಿಸಿ, "ಬಾವ, ಫುಟ್‌ಬಾಲ್ ಗೇಮ್ ತಂದಿವ್ನಿ. ನೀವು ಆಟದ್ ಮೇಷ್ಟ್ರು, ಸಿದ್ದರಾಜಣ್ಣನ ಒಂದ್ ಕೈ ನೋಡ್ಕಳಿ" ಎಂದಾಗ ನನ್ನ ಎದೆ ಉಬ್ಬಿತು. ಪಕ್ಕದ ಮನೆಯವರೂ ಬಂದು ಕೂತರು.

ಅದು ಹುಡುಗಾಟಿಕೆಯ ಆಟವಲ್ಲ. ಪರದೆಯ ಮೇಲಿನ ಆಟಗಾರ ನಿಜವಾದವನ ಹಾಗೆಯೇ ದಣಿಯುತ್ತಾನೆ, ಏದುಸಿರು ಬಿಡುತ್ತಾನೆ, ಕಾಲಿನ ಲೆಕ್ಕ ತಪ್ಪಿದರೆ ಚೆಂಡು ಎದುರಾಳಿಯ ಪಾಲು. ಸಿದ್ದರಾಜು ಐದು ಗೋಲು ಹೊಡೆದ. ನಾನು ಒಂದು ಹೊಡೆದೆ, ನನ್ನ ಗೋಲಿಗೇ. ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಮಾವನವರು ಸಮಾಧಾನ ಹೇಳಿದರು: "ಕಲ್ಸದು ಬ್ಯಾರೆ, ಆಡದು ಬ್ಯಾರೆ ಕಣಪ್ಪ." ಆ ಮನೆಯಲ್ಲಿ ಚೌಕಾಬಾರದ ಕಾಲದಿಂದಲೂ ಒಂದು ಪದ್ಧತಿ. ಹಬ್ಬದ ದಿನ ಆಟದಲ್ಲಿ ಯಾರು ಸೋಲುತ್ತಾರೋ ಅವರಿಗೆ ಮೊದಲ ಕಜ್ಜಾಯ. "ಸೋತೋರ ಒಟ್ಟೆ ತಣ್ಣಗಿರ್ಬೇಕು, ಇಲ್ದಿದ್ರೆ ಗೆದ್ದೋರ್ಗೆ ಒಳ್ಳೇದಾಗಕಿಲ್ಲ" ಎನ್ನುತ್ತಾ ಅತ್ತೆ ಬಾಣಲೆಯಿಂದ ಆಗತಾನೆ ತೆಗೆದ ಕಜ್ಜಾಯಗಳ ತಟ್ಟೆಯನ್ನು ನನ್ನ ಮುಂದಿಟ್ಟು, "ತಿನ್ನಿ ಅಳಿಮಯ್ಯ, ಪಾಪ" ಎಂದರು. ಆ 'ಪಾಪ' ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತು. ಕಜ್ಜಾಯ ಸಿಕ್ಕಿಕೊಳ್ಳಲಿಲ್ಲ, ತಟ್ಟೆ ಖಾಲಿಯಾಯಿತು.

ಆ ಮನೆಯಲ್ಲಿ, ಅದೇ ಜನರ ಕಣ್ಣೆದುರು, ಒಂದೇ ಒಂದು ಸಲ ಗೆಲ್ಲಬೇಕು. ಅದಕ್ಕಿಂತ ದೊಡ್ಡ ಆಸೆ ಆಮೇಲೆ ನನಗೆ ಹುಟ್ಟಲಿಲ್ಲ. ಯಾರೋ ಆಡಿ ಬಿಟ್ಟ ಹಳೆಯ ಪೆಟ್ಟಿಗೆಯೊಂದನ್ನು ಮನೆಗೆ ತಂದೆ. ಮಾದೇಶ ಫೋನಿನಲ್ಲಿ ಉಪದೇಶ ಮಾಡಿದ: "ಸುಲಭದ ಲೆವೆಲ್ನಲ್ಲಿ ಆಡುದ್ರೆ ಏನೂ ಕಲಿಯಕಿಲ್ಲ ಬಾವ. ಕಷ್ಟದ್ದಕ್ಕೇ ಆಕ್ಕೊಳಿ." ಹಾಕಿಕೊಂಡೆ. ಸಿದ್ದರಾಜು ಹೊಡೆದದ್ದು ಏನೂ ಅಲ್ಲ ಎನ್ನುವಂತೆ ಎದುರಿಗೆ ಆಡುವ ಕಂಪ್ಯೂಟರು ಹೊಡೆಯಿತು. ಸಂಜೆ ಸ್ಕೂಲಿನಿಂದ ಬಂದವನು ಬೂಟು ಬಿಚ್ಚದೆ ಸೋಲಲು ಕೂರುತ್ತಿದ್ದೆ. ಹೆಂಡತಿ ಸೊಪ್ಪು ಬಿಡಿಸುತ್ತಾ ಕೇಳಿದಳು: "ಏನ್ರೀ, ಕಂಪ್ಯೂಟ್ರೂ ಸಿದ್ದರಾಜು ಕಡೇದೇನಾ?"

ನನ್ನ ರೋಗ ಯಾವುದೆಂದು ತಿಳಿದದ್ದು ಬಸ್ಸಿನಲ್ಲಿ. ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳ ಹಿಂದೆ ನಮ್ಮ ಬಸ್ಸು ಸಿಕ್ಕಿಕೊಂಡಿತ್ತು. ಎಲ್ಲರಿಗಿಂತ ಜೋರಾಗಿ ನಾನೇ, "ನುಗ್ಗಿಸ್ರೀ!" ಎಂದು ಕೂಗಿದೆ. ಡ್ರೈವರು ತಿರುಗಿಯೂ ನೋಡದೆ, "ಜಾಗ ಬರ್ಲಿ ಸಾ, ನುಗ್ಗಿ ಎಲ್ಗೋಗದು?" ಎಂದ. ಥಟ್ಟನೆ ನೆನಪಾಯಿತು. ಆಟದಲ್ಲಿ ಆಟಗಾರರನ್ನು ಓಡಿಸುವ ಗುಂಡಿಯ ಮೇಲಿಟ್ಟ ಬೆರಳನ್ನು ನಾನು ಎತ್ತುವುದೇ ಇಲ್ಲ. ಎತ್ತುವುದು ಹೇಗೆ? ಕೆಲಸಕ್ಕೆ ಸೇರಿದಾಗಿನಿಂದ ಸೀಟಿ ಊದಿ "ಓಡ್ರೋ, ಓಡ್ರೋ" ಎನ್ನುವುದು ಬಿಟ್ಟು ಬೇರೇನನ್ನೂ ಕಲಿಸಿದವನಲ್ಲ. ನನ್ನ ಶಿಷ್ಯರು ಗೋಲು ಕಾಯುವವನ ಸಮೇತ ಚೆಂಡಿನ ಹಿಂದೆ ಓಡುತ್ತಾರೆ. ಪರದೆಯ ಮೇಲಿನ ಹನ್ನೊಂದು ಜನರನ್ನೂ ಹಾಗೇ ಓಡಿಸಿ ಕೊಂದಿದ್ದೆ.

ಅಂದಿನಿಂದ ಬೆರಳು ಎತ್ತಿದೆ. ಹಿಂದೆ ಕಾಯುವವರನ್ನು ಅವರ ಜಾಗದಲ್ಲೇ ಬಿಟ್ಟು, ನಡುವಿನವನೊಬ್ಬನಿಂದ ಎದುರಾಳಿಯ ದಾರಿ ಕಟ್ಟಿದೆ. ಚೆಂಡು ಕಸಿಯಲು ಅವಸರಕ್ಕೆ ಕಾಲು ಹಾಕಲಿಲ್ಲ. ಮುಂದೆ ಜಾಗವಿಲ್ಲದಿದ್ದರೆ ನಾಚಿಕೆಪಡದೆ ಚೆಂಡನ್ನು ಹಿಂದಕ್ಕೇ ಕೊಟ್ಟೆ. ಸೋಲು ಸಣ್ಣದಾಯಿತು, ಆಮೇಲೆ ಸಮ ಸಮ, ಆಮೇಲೆ ಒಂದು ಗೋಲಿನ ಗೆಲುವು. ಈ ವಿದ್ಯೆಯನ್ನು ಶಾಲೆಯಲ್ಲೂ ಕಲಿಸಹೋದೆ. ಹೆಡ್‌ಮಾಸ್ಟರು ಮೈದಾನಕ್ಕೆ ಬಂದು, "ಏನ್ ಮೇಷ್ಟ್ರೇ, ಮಕ್ಳೆಲ್ಲ ಬಿಸ್ಲಲ್ಲಿ ನಿಂತವ್ರೆ, ಏನ್ ತಪ್ಪು ಮಾಡುದ್ರು?" ಎಂದರು.

ಈ ವರ್ಷದ ದೀಪಾವಳಿ ಬಂತು. ಅದೇ ಟೀವಿ, ಅದೇ ಜನ, ಅದೇ ಸಿದ್ದರಾಜು. ಮೊದಲರ್ಧದಲ್ಲೇ ಒಂದು ಗೋಲು ಹೊಡೆದೆ. ಅಲ್ಲಿಂದ ಮುಂದಕ್ಕೆ ಆಡಿದ್ದು ಆಟವಲ್ಲ, ಕಾವಲು. ಚೆಂಡನ್ನು ನನ್ನವರಲ್ಲೇ ಅವನಿಂದಿವನಿಗೆ, ಇವನಿಂದವನಿಗೆ ದಾಟಿಸಿದೆ. ಪಕ್ಕದ ಮನೆಯವರು "ಎಮ್ಮೆ ಕರೀಬೇಕು" ಎಂದು ಎದ್ದು ಹೋದರು. ಮಾವನವರು ಗೊರಕೆ ಹೊಡೆದರು. ಕೊನೆಯಲ್ಲಿ ಒಮ್ಮೆ ನನ್ನ ಗೋಲಿನ ಬಾಯಲ್ಲೇ ಚೆಂಡು ಸಿದ್ದರಾಜುವಿಗೆ ಸಿಕ್ಕಿತು. ಅವನು ಆಚೆ ಹೊಡೆದ. ಆಟ ಮುಗಿದ ಸೀಟಿ ಕೇಳಿಸಿತು. ನಾನು ಎದ್ದು ನಿಂತೆ. ಚಪ್ಪಾಳೆಯಿಲ್ಲ. ಮಾದೇಶ ಆಕಳಿಸುತ್ತಾ, "ಗೆದ್ರಿ ಬುಡಿ ಬಾವ. ಆದ್ರೂ ಓದ್ ವರ್ಸದ್ದೇ ಚೆನ್ನಾಗಿತ್ತು" ಎಂದ.

ಅಷ್ಟರಲ್ಲಿ ಅತ್ತೆ ತಟ್ಟೆ ಹಿಡಿದು ಬಂದರು. ಕಜ್ಜಾಯದ ಬಿಸಿ ಘಮಕ್ಕೆ ನನ್ನ ಕೈ ತಾನಾಗಿ ಮುಂದೆ ಹೋಯಿತು. ತಟ್ಟೆ ನನ್ನ ಕೈಯನ್ನು ದಾಟಿಕೊಂಡು ಹೋಯಿತು. "ನಿಮಗ್ಯಾಕೆ ಅಳಿಮಯ್ಯ, ಗೆದ್ದಿದ್ದೀರಲ್ಲ. ಸಿದ್ದರಾಜು ತಿನ್ಲಿ, ಪಾಪ." ಸಿದ್ದರಾಜು ಬಾಯಿ ತುಂಬಾ ಕಜ್ಜಾಯ ತುಂಬಿಕೊಂಡು, ಒಂದಿಷ್ಟೂ ಕೊಂಕಿಲ್ಲದೆ ನಕ್ಕ: "ಅಣ್ಣ, ಮದ್ವೆ ಆದಾಗಿಂದ ಈ ಮನೇಲಿ ಮೊದಲ್ನೇ ಕಜ್ಜಾಯ ನಂಗೆ ಸಿಕ್ಕಿದ್ದು ಇವತ್ತೇ ಕಣಣ್ಣ." ನನಗೆ ಮೈಯೆಲ್ಲ ಉರಿಯಿತು. ಗೋಲಿನ ಬಾಯಲ್ಲಿ ಸಿಕ್ಕ ಚೆಂಡನ್ನು ಯಾರಾದರೂ ಆಚೆ ಹೊಡೆಯುತ್ತಾರೆಯೆ? ಕೇಳೋಣವೆಂದರೆ, ಅವನು ಒಳ್ಳೆಯವನು. ಏನು ಹೇಳಿದರೂ ನಂಬಲೇಬೇಕು.

ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿಯನ್ನು ಕೇಳಿದೆ: "ನಿಜ ಹೇಳು, ಅವನು ಬೇಕಂತಲೇ ಬಿಟ್ಟುಕೊಟ್ಟನಾ?"

ಅವಳು ಕಿಟಕಿಯಾಚೆ ನೋಡುತ್ತಲೇ ಹೇಳಿದಳು: "ಕೊಟ್ಟಿದ್ರೂ ಕೊಟ್ಟಿರ್ಬೋದು. ನೀವು ಇಷ್ಟು ವರ್ಸದಲ್ಲಿ ಅವ್ನಿಗೆ ಒಂದ್ ಕಜ್ಜಾಯನಾರ ಬಿಟ್ಕೊಟ್ಟಿದ್ದೀರಾ?"

ಮನೆಗೆ ಬಂದವನೇ ಪೆಟ್ಟಿಗೆ ಹಚ್ಚಿ ಕಷ್ಟದ ಹಂತಕ್ಕೆ ಹಾಕಿದೆ. ಕಂಪ್ಯೂಟರಾದರೂ ಯಾರ ಮೇಲೂ ಕನಿಕರಪಟ್ಟು ಗೆಲ್ಲಿಸುವುದಿಲ್ಲ. ಸಿಟ್ಟಿನಲ್ಲಿ ಬೆರಳು ಮತ್ತೆ ಓಡಿಸುವ ಗುಂಡಿಗೆ ಅಂಟಿಕೊಂಡಿತು, ಕಂಪ್ಯೂಟರು ನಾಲ್ಕು ಗೋಲು ಹೊಡೆಯಿತು. ಸೋತು ಮುಗಿಸಿ ಕೂತವನ ಕಣ್ಣು, ನನ್ನನ್ನು ಕೇಳದೆಯೇ, ಅಡುಗೆಮನೆಯ ಬಾಗಿಲ ಕಡೆಗೆ ಹೋಯಿತು.

"ಅನ್ನ ಮುಚ್ಚಿಟ್ಟಿವ್ನಿ," ಒಳಗಿನಿಂದ ಹೆಂಡತಿ ಹೇಳಿದಳು. "ಎದ್ದು ಬಡಿಸ್ಕಳಿ."