ಅಣ್ಣತಮ್ಮಂದಿರ ನಡುವೆ ಮಲಗಿದ್ದವಳು

ಎಸೆನ್‌ಗುಲ್ ಮಾತು ಕೊಟ್ಟದ್ದು ಊರವರೆದುರು, ರೊಟ್ಟಿಯ ಮೇಲೆ ಕೈಯಿಟ್ಟು. ನಮ್ಮ ಕಡೆ ಅದಕ್ಕಿಂತ ದೊಡ್ಡ ಆಣೆಯಿಲ್ಲ. ಮಾತು ತೆಗೆದುಕೊಂಡವನು ಜುಮಾಶ್ ಮುದುಕ. ಬೇಟೆನಾಯಿಗಳ ಜೊತೆಯಲ್ಲೇ ಬದುಕು ಸವೆಸಿದವನು. ಹಾಸಿಗೆ ಹಿಡಿದ ಮೇಲೆ ಅವನ ಉಸಿರೂ ಮೊಲ ತಪ್ಪಿಸಿಕೊಂಡ ನಾಯಿಯ ಏದುಸಿರಿನ ಹಾಗೇ ಕೇಳುತ್ತಿತ್ತು.

"ನನ್ನ ಶಮಾಲ್‌ನ ನೀನೇ ಸಾಕ್ಕೊ," ಎಂದಿದ್ದ ಮುದುಕ, ಕಾಲ ಬಳಿ ಮಲಗಿದ್ದ ಹೆಣ್ಣುನಾಯಿಯನ್ನು ತೋರಿಸಿ. "ಆದ್ರೆ ಒಂದಲ್ಲ ಒಂದು ದಿನ ಇವಳಿಗೆ ಒಂದು ಹೆಣ್ಣುಮರಿ ಹುಟ್ಟತ್ತೆ. ಹೊಟ್ಟೇಲಿ ಇಬ್ಬರು ಅಣ್ಣತಮ್ಮಂದಿರ ನಡುವೆ ಮಲಗಿದ್ದವಳು. ಅವಳು ನನ್ನವಳು. ಗೊತ್ತಾದ ದಿನವೇ, ಹೊತ್ತು ಮುಳುಗೋದ್ರೊಳಗೆ, ನಾನೆಲ್ಲಿದ್ರೆ ಅಲ್ಲಿಗೆ ತಂದು ಬಿಡ್ಬೇಕು."

"ಹೊಟ್ಟೆಯೊಳಗೆ ಯಾರು ಯಾರ ಪಕ್ಕ ಮಲಗಿದ್ರು ಅಂತ ನನಗೆ ಹ್ಯಾಗೆ ಗೊತ್ತಾಗ್ಬೇಕು, ಅಜ್ಜಾ?"

"ನಿನಗೆ ಗೊತ್ತಾಗಲ್ಲ. ಗೊತ್ತಿರೋರು ಬರ್ತಾರೆ."

ಇಂಥ ಮಾತು ಕೊಡುವುದಕ್ಕೆ ಎಸೆನ್‌ಗುಲ್‌ಗೇನು ಕಷ್ಟ? ನಾಯಿಯ ಬಸಿರಿನೊಳಗೆ ಇಣುಕಿ ನೋಡಿದವರು ಯಾರಿದ್ದಾರೆ? ಮುದುಕ ಸತ್ತ, ಊರ ಮೇಲಿನ ಗುಡ್ಡದಲ್ಲಿ ಮಣ್ಣಾದ. ಎಸೆನ್‌ಗುಲ್ ಮನೆಮನೆಯಿಂದ ಹಾಲು ತುಂಬಿಕೊಳ್ಳುವ ತನ್ನ ಗಾಡಿ ಓಡಿಸಿಕೊಂಡಿದ್ದ. ಚಳಿಗಾಲ ಬಂದರೆ ಶಮಾಲ್‌ಳ ಜೊತೆ ಬೇಟೆಗೆ ಹೋಗುತ್ತಿದ್ದ, ಬರಿಗೈಯಲ್ಲಿ ಬರುತ್ತಿದ್ದ. ಮೊಲಗಳು ಅವನನ್ನು ಕಂಡರೆ ನಿಂತು ಕ್ಷೇಮಸಮಾಚಾರ ವಿಚಾರಿಸುತ್ತವೆ ಎಂದು ಊರೆಲ್ಲ ನಗುತ್ತಿತ್ತು.

ವಯಸ್ಸಾದ ಶಮಾಲ್ ಈ ಸಲ ಕೊನೆಯದಾಗಿ ಮರಿ ಹಾಕಿದಳು. ಅದರಲ್ಲಿ ಎರಡು ಹೆಣ್ಣು, ಎರಡೂ ಬೂದು ಬಣ್ಣ, ಒಂದೇ ಅಚ್ಚಿನಲ್ಲಿ ಒತ್ತಿದ ಇಟ್ಟಿಗೆಗಳ ಹಾಗೆ. ಅವು ಓಡಾಡುವಷ್ಟು ಬೆಳೆದ ಹೊತ್ತಿಗೆ, ಒಂದು ಬೆಳಿಗ್ಗೆ, ರಾಜಧಾನಿಯಿಂದ ನುರಿಲಾ ಎಂಬ ಹೆಂಗಸು ಅಳತೆಯ ಇಕ್ಕಳ ಹಿಡಿದುಕೊಂಡು ಬಂದಳು. ಊರೂರು ತಿರುಗಿ ಪ್ರಾಣಿಗಳ ಕಾಲ್ಬೆರಳು ಅಳೆಯುವುದೇ ಅವಳ ಕೆಲಸ.

"ಇವಳ ಮುಂಗಾಲು ನೋಡಿ, ಅಣ್ಣಾ," ಎಂದಳು, ಒಂದು ಮರಿಯನ್ನೆತ್ತಿ. "ಎರಡನೇ ಬೆರಳು ನಾಲ್ಕನೇದಕ್ಕಿಂತ ಗಿಡ್ಡ. ಇವಳ ಅಣ್ಣತಮ್ಮಂದಿರಿಗೆಲ್ಲ ಹೀಗೇ ಇದೆ, ತಂಗಿಗಿಲ್ಲ. ತಾಯಿ ಹೊಟ್ಟೇಲಿ ಮರಿಗಳು ಸಾಲಾಗಿ ಮಲಗಿರ್ತವೆ. ಎರಡೂ ಪಕ್ಕ ಗಂಡಿದ್ರೆ, ಅವುಗಳ ಹಾರ್ಮೋನು ನಡುವೆ ಇರೋವಳಿಗೂ ಸೋರಿರಬಹುದು. ಇಲಿಗಳಲ್ಲಿ ಹೀಗೆ ಆಗತ್ತೆ. ನಾಯಿಗಳ ವಿಷಯ ಇನ್ನೂ ನೋಡ್ಬೇಕು, ಒಂದೇ ಮರಿಯಿಂದ ಏನೂ ಹೇಳೋಕಾಗಲ್ಲ..."

'ನಡುವೆ' ಎಂಬಲ್ಲಿಗೇ ಎಸೆನ್‌ಗುಲ್‌ನ ಕಿವಿ ಮುಚ್ಚಿಹೋಗಿತ್ತು. ನುರಿಲಾ ಗುರುತಿಗೆಂದು ಮರಿಯ ಮುಂಗಾಲಿಗೆ ಕೆಂಪು ದಾರ ಕಟ್ಟಿ ಹೊರಟುಹೋದಳು. ಅಂಗಳ ಸ್ತಬ್ಧವಾಯಿತು. ಕೊಟ್ಟಿಗೆಯಲ್ಲಿ ಹಸು ಮೆಲುಕು ಹಾಕುವುದನ್ನು ನಿಲ್ಲಿಸಿತ್ತು.

ಮಣ್ಣಿನ ಗೋಡೆಯಾಚೆಯಿಂದ ಸೊನುನ್ ಎಜೆಯ ತಲೆ ಮೇಲೆದ್ದಿತು. ಊರಿಗೆಲ್ಲ ಎಜೆ, ಅಂದರೆ ಅಕ್ಕ, ಆದ ಪಕ್ಕದ ಮನೆಯ ಈ ವಿಧವೆಗೆ ಆ ಗೋಡೆ ಇರುವುದೇ ಗದ್ದ ಊರುವುದಕ್ಕೆ.

"ಲೋ ಎಸೆನ್‌ಗುಲ್! ಗೊತ್ತಿರೋರು ಬಂದ್ಬಿಟ್ರಲ್ಲೋ!"

ನಡುಹಗಲಿನ ಹೊತ್ತಿಗೆ ಊರಿಗೆ ಊರೇ ಎದುರುಮನೆ ಕುಬಾತನ ಚಾವಡಿಯಲ್ಲಿ ಸೇರಿತ್ತು. ಎಸೆನ್‌ಗುಲ್‌ನನ್ನು ತೋಳು ಹಿಡಿದು ಎಳೆತಂದು ಕೂರಿಸಿದರು. ಎಲ್ಲರೂ ಕೈ ಚಾಚಿ ಬೆರಳು ಅಳೆದುಕೊಳ್ಳುತ್ತಿದ್ದರು. ಕುಬಾತ್ ತನ್ನ ಹೆಂಡತಿಯ ಉದ್ದನೆಯ ಉಂಗುರದ ಬೆರಳನ್ನು ನೋಡಿ ನಿಟ್ಟುಸಿರು ಬಿಟ್ಟ.

"ಇವಳು ಇಬ್ಬರು ಅಣ್ಣಂದಿರ ನಡುವೆ ಅಲ್ಲ, ಇಬ್ಬರು ಪೊಲೀಸರ ನಡುವೆ ಮಲಗಿದ್ದವಳು ಕಣ್ರಯ್ಯಾ!"

ನಗು ಎದ್ದಿತು, ಎದ್ದಷ್ಟೇ ಬೇಗ ಕೂತಿತು. "ಬೆಳಿಗ್ಗೆಯಿಂದ ಊರಲ್ಲಿ ಒಂದು ನಾಯೀನಾದ್ರೂ ಬೊಗಳಿದೆಯಾ?" ಎಂದು ಕೇಳಿದಳು ಸೊನುನ್ ಎಜೆ. ಎಲ್ಲರೂ ಕಿವಿಗೊಟ್ಟರು. ಬೊಗಳಿರಲಿಲ್ಲ. ಜುಮಾಶನ ಖಾಲಿ ಲಾಯದಲ್ಲಿ ಯಾರೋ ಕೆಮ್ಮಿದ್ದನ್ನು ಕೇಳಿದೆನೆಂದ ಕುಬಾತ್. ಅವನು ಕೆಮ್ಮಿ ತೋರಿಸಿದ್ದು ಥೇಟ್ ಮುದುಕನದೇ ಕೆಮ್ಮು. ಯಾರ ಬಟ್ಟಲಿನ ಚಹಾವೂ ಮುಗಿಯಲಿಲ್ಲ.

"ಹೊತ್ತು ಮುಳುಗೋದ್ರೊಳಗೆ ಕೊಟ್ಬಿಡಪ್ಪಾ," ಎಂದರು. "ಕೊಡದಿದ್ರೆ ಅವನೇ ಕೇಳ್ಕೊಂಡು ಬರ್ತಾನೆ. ಬಂದವನು ನಿನ್ನ ಮನೆ ಯಾವುದು, ನಮ್ಮ ಮನೆ ಯಾವುದು ಅಂತ ನೋಡ್ತಾನಾ?"

ಎಸೆನ್‌ಗುಲ್‌ನ ಯೋಚನೆ ಬೇರೆಯೇ ಇತ್ತು. ಗಂಡಿನ ಎದೆಗಾರಿಕೆ, ಹೆಣ್ಣಿನ ಮೂಗು! ಇಂಥ ನಾಯಿ ಜೊತೆಗಿದ್ದರೆ ಬರುವ ಚಳಿಗಾಲಕ್ಕೆ ಊರಿನ ಬಾಯಿ ಮುಚ್ಚಿಸಬಹುದು. ಜನ್ಮಕ್ಕೊಂದು ಸಲ ಮನೆಗೆ ಬಂದ ಭಾಗ್ಯವನ್ನು ಸತ್ತವನಿಗೆ ಕೊಡುವುದೇ? ಸತ್ತವನು ಬೆರಳು ಅಳೆಯುತ್ತಾನೆಯೇ?

ಹೊಟ್ಟೆ ತೊಳಸುತ್ತಿದೆ ಎಂದು ನೆವ ಹೇಳಿ ಮನೆಗೆ ಬಂದ. ಹೆಂಡತಿ ಬುರುಲ್ ಹಿತ್ತಲಲ್ಲಿದ್ದಳು. ಅವನು ಸದ್ದಿಲ್ಲದೆ ಗೂಡಿನ ಹತ್ತಿರ ಕೂತು, ದಾರವಿದ್ದ ಮರಿಯ ಕಾಲಿನಿಂದ ದಾರ ಬಿಚ್ಚಿ ಇನ್ನೊಂದರ ಕಾಲಿಗೆ ಕಟ್ಟಿದ. ಮುದಿ ಶಮಾಲ್ ಕಣ್ಣು ಮಿಟುಕಿಸದೆ ಅವನ ಕೈಯನ್ನೇ ನೋಡುತ್ತಿದ್ದಳು.

ಬಿಸಿಲು ಇಳಿಯುತ್ತಿದ್ದಂತೆ ಮೆರವಣಿಗೆ ಹೊರಟಿತು. ಮುಂದೆ ಕೆಂಪು ದಾರದ ಮರಿಯನ್ನು ಎದೆಗವಚಿಕೊಂಡ ಎಸೆನ್‌ಗುಲ್, ಹಿಂದೆ ಊರು. ಬುರುಲ್ ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡಳು. ಸ್ಮಶಾನದ ಗೇಟಿನ ಹತ್ತಿರ ಎಲ್ಲರೂ ಅಂಗೈಯಿಂದ ಮುಖ ಸವರಿ 'ಓಮಿನ್' ಎಂದವರು ಅಲ್ಲೇ ಬೇರುಬಿಟ್ಟರು.

"ಇನ್ಮುಂದೆ ನೀನೊಬ್ಬನೇ," ಎಂದ ಕುಬಾತ್. "ನಾವು ಇಲ್ಲಿಂದ ಧೈರ್ಯ ಹೇಳ್ತಿರ್ತೀವಿ."

ನಮ್ಮ ಕಡೆ ಬದುಕಿದ್ದವರ ಮನೆ ಸೋರಿದರೂ ಸತ್ತವರ ಮನೆ ಸೋರುವುದಿಲ್ಲ. ಗೋರಿಗುಮ್ಮಟಗಳ ಆ ಊರಿನಲ್ಲಿ ಎಸೆನ್‌ಗುಲ್‌ನ ಹೆಜ್ಜೆಯ ಸದ್ದೇ ಅವನ ಬೆನ್ನು ಹತ್ತಿ ಬಂತು. ಜುಮಾಶನ ಗೋರಿಯ ಮುಂದಿನ ಗೂಟಕ್ಕೆ ಮರಿಯನ್ನು ಕಟ್ಟಿದ. ಅದು ಕುಂಯ್‌ಗುಡಲಿಲ್ಲ. ಗೋರಿಯ ಕಡೆ ತಿರುಗಿ ಮೆಲ್ಲಗೆ ಬಾಲ ಆಡಿಸಿತು, ಗುರುತಿನವರನ್ನು ಕಂಡ ಹಾಗೆ.

ಎಸೆನ್‌ಗುಲ್ ಹಿಂದಿರುಗಿ ನೋಡದೆ ಓಡಿದ. ಗೇಟಿನಲ್ಲಿದ್ದವರು ಧೈರ್ಯ ಹೇಳುವುದನ್ನು ಬಿಟ್ಟು ಅವನಿಗಿಂತ ಮುಂದೆ ಓಡಿದರು.

ಮನೆಯೊಳಗೆ ಒಲೆ ಬೆಚ್ಚಗಿತ್ತು. ಉಳಿದ ಮರಿ ಅದರ ಪಕ್ಕ ಮಲಗಿತ್ತು. ಬುರುಲ್ ಚಹಾ ಸುರಿಯುತ್ತ ಯಾವುದೋ ಹಾಡು ಗುನುಗುತ್ತಿದ್ದಳು. ಎಸೆನ್‌ಗುಲ್ ಬಾಗಿಲ ಚಿಲಕ ಹಾಕಿ ಕಿಸಕ್ಕನೆ ನಕ್ಕ.

"ನಿನ್ನ ಗಂಡನನ್ನ ಏನಂದ್ಕೊಂಡಿದ್ದೀಯೆ? ಸತ್ತವನ ಕಣ್ಣಿಗೂ ಮಣ್ಣೆರಚಿ ಬಂದೆ! ದಾರ ಬಿಚ್ಚಿ ಇನ್ನೊಂದಕ್ಕೆ ಕಟ್ಟಿ, ಅದನ್ನ ಬಿಟ್ಟು ಬಂದಿದ್ದೀನಿ. ನಮ್ಮವಳು ಇಲ್ಲೇ ಇದ್ದಾಳೆ."

ಬುರುಲ್‌ಳ ಹಾಡು ನಿಂತಿತು.

"ಯಾವಾಗ ಬಿಚ್ಚಿದ್ರಿ?"

"ಕುಬಾತನ ಮನೆಯಿಂದ ಬಂದ್ಮೇಲೆ. ಯಾಕೆ?"

"ಅಯ್ಯೋ ದೇವ್ರೇ! ನೀವು ಅಲ್ಲಿ ಕೂತಿದ್ದಾಗಲೇ ನಾನು ಬದಲಾಯಿಸಿ ಕಟ್ಟಿದ್ದೆನಲ್ರೀ! ಮೇಕೆಹಾಲು ಹಾಕಿ ಬೆಳೆಸಿದ ಕೂಸು, ಹ್ಯಾಗೆ ಬಿಡ್ಲಿ? ರೊಟ್ಟಿ ಮುಟ್ಟಿ ಆಣೆ ಮಾಡಿದ ಮನುಷ್ಯ, ಮಾತಿಗೆ ತಪ್ಪಲ್ಲ, ಆ ದಾರ ಇರೋದನ್ನೇ ಎತ್ಕೊಂಡು ಹೋಗ್ತಾನೆ ಅಂತ ನಂಬಿದ್ದೆ. ನೀವು ಮೋಸ ಮಾಡ್ತೀರಿ ಅಂತ ನಾನು ಕನಸಲ್ಲಾದ್ರೂ ಅಂದ್ಕೊಂಡಿದ್ದೆನಾ?"

ಒಲೆಯ ಪಕ್ಕದ ಮರಿ ದೊಡ್ಡದಾಗಿ ಆಕಳಿಸಿತು.

ಎಸೆನ್‌ಗುಲ್ ಟೋಪಿಯನ್ನೂ ಹಾಕಿಕೊಳ್ಳದೆ ಗುಡ್ಡ ಹತ್ತಿದ. ಆಗಷ್ಟೇ ಹೊತ್ತು ಮುಳುಗಿತ್ತು; ಆಕಾಶದಲ್ಲಿ ಇನ್ನೂ ಬೆಳಕಿತ್ತು. ಗೂಟಕ್ಕೆ ಕಟ್ಟಿದ ಹಗ್ಗದ ಗಂಟು ಬಿಚ್ಚಿರಲಿಲ್ಲ. ಹಗ್ಗದ ತುದಿಯ ಕೊರಳಪಟ್ಟಿಯ ಕೊಂಡಿ ಹಾಕಿದ ಹಾಗೇ ಇತ್ತು. ಒಳಗೆ ಕೊರಳಿರಲಿಲ್ಲ.

ಧೂಳಿನಲ್ಲಿ ಪುಟ್ಟ ಹೆಜ್ಜೆಗಳು ಗೋರಿಯ ಗೋಡೆಯವರೆಗೆ ಹೋಗಿದ್ದವು. ಅವನು ಮೊಣಕಾಲೂರಿ ನೋಡಿದ. ಎರಡನೇ ಬೆರಳು ಗಿಡ್ಡ, ನಾಲ್ಕನೆಯದು ಉದ್ದ. ಎದ್ದು ಗೋಡೆಯ ಸುತ್ತ ಬಂದ. ಆಚೆ ಕಡೆ ಹೆಜ್ಜೆಗಳಿರಲಿಲ್ಲ.

ಅವನ ಹಿಂದೆಯೇ ಗೇಟಿನವರೆಗೆ ಬಂದಿದ್ದ ಸೊನುನ್ ಎಜೆಯ ದನಿ ದೂರದಿಂದ ಕೇಳಿಸಿತು: "ಲೋ, ಏನಂದನೋ ಮುದುಕ? ಒಪ್ಪಿಗೆಯಾಯ್ತಂತಾ?"

ಕೆಳಗೆ ಊರಿನ ನಾಯಿಗಳೆಲ್ಲ ಒಟ್ಟಿಗೆ ಬೊಗಳತೊಡಗಿದವು. ಎಸೆನ್‌ಗುಲ್ ಜುಮಾಶನಿಗೆ ಕೊಟ್ಟ ಮಾತನ್ನು ನಡೆಸಿಕೊಟ್ಟಿದ್ದ.