ಸಿಕ್ಕಾ ಬಿದ್ದ ಚಿತ್ರ

ಕಾಲುವೆ ನೀರಿನ ಪಾಳಿಪಟ್ಟಿಗೆ ಸಂಘದ ದುಂಡನೆಯ ಮೊಹರು, ಅಂದರೆ ಸಿಕ್ಕಾ, ಬೀಳದಿದ್ದರೆ ದೋರನಹಳ್ಳಿಯ ರೈತರು ಅದನ್ನು ಪೊಟ್ಟಣ ಕಟ್ಟುವ ಕಾಗದವೆಂದೇ ತಿಳಿಯುತ್ತಾರೆ. ಅದಕ್ಕೇ ನೀರು ಬಳಕೆದಾರರ ಸಂಘದ ಕಂಪ್ಯೂಟರ್ ಆಪರೇಟರ್ ಅಮಾತೆಪ್ಪ ಪ್ರತಿ ವಾರ ಪಟ್ಟಿಗೆ ಸಿಕ್ಕಾ ಒತ್ತಿಸಿ, ಫೋಟೋ ಹೊಡೆದು, ಆ ಫೋಟೋವನ್ನೇ ವೆಬ್‌ಸೈಟಿಗೆ ಏರಿಸುತ್ತಿದ್ದ. ಕಣ್ಣಿದ್ದವರು ಹಿಗ್ಗಿಸಿ ಓದುತ್ತಿದ್ದರು. ಕಣ್ಣಿಲ್ಲದ ಶರೀಫಸಾಬರಿಗೆ ಓದಿ ಹೇಳುವ ಫೋನು ಮಾತ್ರ "ಚಿತ್ರ" ಎಂದು ಸುಮ್ಮನಾಗುತ್ತಿತ್ತು. ಹೀಗೆ ಎರಡು ಪಾಳಿ ತಪ್ಪಿ ಅವರ ಮೆಣಸಿನ ಗಿಡಗಳು ಒಣಗಿದವು. ಅವರ ಅರ್ಜಿ ಮೇಲಕ್ಕೆ ಹೋಯಿತು.

ಇವತ್ತು ನೀರಾವರಿ ಇಲಾಖೆಯ ಸಾಹೇಬರು ಪರೀಕ್ಷೆಗೆ ಬರುವವರಿದ್ದರು. ಶರೀಫಸಾಬರು ತಾವೇ ಪಾಳಿ ತಿಳಿದುಕೊಂಡರೆ ಅಮಾತೆಪ್ಪನ ನೌಕರಿ ಇನ್ನೊಂದು ವರ್ಷ, ಇಲ್ಲದಿದ್ದರೆ ಸಂಜೆಯವರೆಗೆ.

"ಎರಡು ದಾರಿ ಅದಾವ್ರಿ," ಎಂದ ಅಮಾತೆಪ್ಪ, ಅಧ್ಯಕ್ಷ ಭಾಗಣ್ಣನ ಮುಂದೆ ಕೈಕಟ್ಟಿ. "ಪಟ್ಟಿ ಟೈಪ್ ಮಾಡಿ ಎಲ್ಲಾರಿಗೂ ಒಂದ ಪುಟ ಇಡೂದು. ಇಲ್ಲಂದ್ರ ಕಣ್ಣಿಲ್ಲದೋರಿಗೆ ಬ್ಯಾರೆ ಪುಟ."

"ಒಂದ ಪುಟ ಆದ್ರ ಸಿಕ್ಕಾ?"

"ಇರಂಗಿಲ್ರಿ."

"ಸಿಕ್ಕಾ ಇಲ್ಲದ ಪಟ್ಟಿ ಅಂದ್ರ ಬಾಸಿಂಗ ಇಲ್ಲದ ಮದಿಮಗ. ಬ್ಯಾರೆ ಮಾಡೋ!"

ಬೇರೆ ಮಾಡುವುದು ಸುಲಭವೂ ಆಗಿತ್ತು. ಅಮಾತೆಪ್ಪ ಬರಿಯ ಅಕ್ಷರದ ಪುಟವೊಂದನ್ನು ಮಾಡಿ, ಹಳೆಯ ಪುಟದ ಮೂಲೆಯಲ್ಲಿ ಅಂಗವಿಕಲರ ಗುರುತೆಂದು ಗಾಲಿಕುರ್ಚಿಯ ಚಿತ್ರವಿಟ್ಟ. ಒತ್ತಿದರೆ ಹೊಸ ಪುಟ.

ಮಧ್ಯಾಹ್ನ ಸಾಹೇಬರ ಎದುರು ಶರೀಫಸಾಬರು ಫೋನಿನ ಮೇಲೆ ಬೆರಳಾಡಿಸಿದರು.

"ಚಿತ್ರ," ಎಂದಿತು ಫೋನು. ಅದು ಹಾರ ಹಾಕಿಕೊಂಡ ಭಾಗಣ್ಣ. "ಚಿತ್ರ." ಅದು ಸಿಕ್ಕಾ ಬಿದ್ದ ಪಟ್ಟಿ. "ಚಿತ್ರ."

ಅಮಾತೆಪ್ಪ ಅವರ ಕಿವಿಯ ಹತ್ತಿರ ಬಾಗಿದ. "ಅದನ್ನ ಒತ್ತರಿ ಸಾಬ್ರ, ಅದು ಗಾಲಿಕುರ್ಚಿ," ಎಂದು ಪಿಸುಗುಟ್ಟಿದ.

"ಕಾಲು ಗಟ್ಟಿ ಅದಾವಲ್ಲೋ ತಮ್ಮಾ ನನಗ. ಹೋಗಿದ್ದು ಕಣ್ಣು."

ಅಂತೂ ಒತ್ತಿದರು. ಫೋನು ಪಟಪಟನೆ ಶುರುಮಾಡಿತು: "ಹನ್ನೆರಡನೇ ತೂಬು. ಶರೀಫಸಾಬ. ಮಂಗಳವಾರ, ಬೆಳಿಗ್ಗೆ ಆರು."

ತನ್ನ ಹೊಲದ ಪಾಳಿ ಕೇಳಲು ಬಂದು ಬಾಗಿಲಲ್ಲಿ ನಿಂತಿದ್ದ ಯಂಕಮ್ಮ ಒಳಗೇ ನುಗ್ಗಿದಳು. "ಇಂಥಾದ್ದು ಇಟ್ಕೊಂಡು ನಮಗ ಆ ಮಸುಕು ಫೋಟೋ ತೋರಸಾಕತ್ತಿದ್ಯಾ? ನನ್ನ ಫೋನಿಗೂ ಇದನ್ನ ಹಾಕಿಕೊಡು."

ಸಾಹೇಬರು ಚಸ್ಮಾ ಏರಿಸಿದರು. "ನನಗೂ ಇದ ಓದಾಕ ಬರತೈತಿ. ಫೋಟೋ ಪುಟ ತಗೀರಿ. ಎಲ್ಲಾರಿಗೂ ಇದೊಂದ."

ನೀರು ಬಿಟ್ಟ ಕಾಲುವೆಯಂತೆ ಅಮಾತೆಪ್ಪನ ಮುಖ ಹಿಗ್ಗಿನಿಂದ ತುಂಬಿ ಬಂತು.

"ಇನ್ನ ಫೋಟೋ ಹೊಡ್ಯೋದಿಲ್ಲ, ಏರಸೋದಿಲ್ಲ," ಸಾಹೇಬರು ಮುಂದುವರಿಸಿದರು. "ವಾರಕ್ಕೊಮ್ಮಿ ಹೆಸರು, ದಿನ ಬಾಯಿಲೆ ಹೇಳಿದ್ರ ಫೋನ ಬರಕೊಂತೈತಿ. ಶರೀಫಸಾಬ್ರು ಹೇಳ್ತಾರ. ಇದಕ ಆಪರೇಟರ್ ಯಾಕ ಬೇಕು?"

ಭಾಗಣ್ಣ ಆದೇಶ ಬರೆಯಲು ಕಾಗದ ತೆಗೆದ.

ಸಂಜೆ ಅಮಾತೆಪ್ಪ ತನ್ನ ಟೇಬಲ್ ಖಾಲಿ ಮಾಡುತ್ತಿದ್ದಾಗ ಶರೀಫಸಾಬರು ಕೋಲೂರುತ್ತ ಬಂದರು. "ಅಮಾತೆಪ್ಪಾ, ಸಂಘದ ಗ್ರೂಪಿನಾಗ ಭಾಗಣ್ಣ ಏನೋ ಹಾಕ್ಯಾನ. ನನ್ನ ಫೋನ ಬರೇ ಚಿತ್ರ ಅಂತೈತಿ. ಓದಿ ಹೇಳಪ್ಪಾ."

ಅಮಾತೆಪ್ಪ ನೋಡಿದ. ಆದೇಶದ ಫೋಟೋ. ಸಿಕ್ಕಾ ದುಂಡಗೆ, ಅಚ್ಚುಕಟ್ಟಾಗಿ ಅವನ ಹೆಸರಿನ ಮೇಲೇ ಬಿದ್ದಿತ್ತು.

"ಅಮಾತೆಪ್ಪ ಎಂಬುವವರನ್ನು ಇಂದಿನಿಂದ..." ಎಂದು ಓದತೊಡಗಿದ.

"ಸ್ವಲ್ಪ ಜೋರಾಗಿ ತಮ್ಮಾ," ಎಂದರು ಶರೀಫಸಾಬರು.