ಹನ್ನೆರಡು, ಖಾಲಿ

ನಕಾಶೆ ಗುಮಾಸ್ತರ ಹೊಟ್ಟೆಕಿಚ್ಚಿಗೆ ಕಾರಣ ಎಂಬತ್ತು ಗ್ರಾಂ ಕಸ. ಕಸ ಅವರದಲ್ಲ, ಎದುರುಮನೆಯ ಗಣಿತದ ಮೇಷ್ಟ್ರದು.

ಊರು ಬೆಳೆದು ಬೆಳೆದು, ಅದರ ಕಸ ಸುರಿಯಲು ಅದರೊಳಗೇ ಜಾಗವಿಲ್ಲದಂತಾಗಿತ್ತು. ಪಾಲಿಕೆಯವರು ತಮ್ಮ ಬಾಡಿಗೆ ಕಟ್ಟಡದ ಇಪ್ಪತ್ನಾಲ್ಕು ಮನೆಗಳಿಗೆ ಒಂದು ವಾರದ ಪಂದ್ಯ ಇಟ್ಟರು. ಬೆಳಿಗ್ಗೆ ಏಳಕ್ಕೆ ಪ್ರತಿ ಮನೆಯವರೂ ನಂಬರು ಬರೆದ ಬುಟ್ಟಿಯನ್ನು ಅಂಗಳದಲ್ಲಿ ಇಡಬೇಕು. ಪಾಲಿಕೆಯ ಹೆಂಗಸೊಬ್ಬಳು ಬಂದು ತೂಗಿ ರಿಜಿಸ್ಟರಿನಲ್ಲಿ ಬರೆಯುತ್ತಾಳೆ. ಅವಳಿಗೆ ತೂಕದಮ್ಮ ಎಂದೇ ಹೆಸರು ಬಿದ್ದಿತ್ತು. ವಾರದ ಕೊನೆಗೆ ಎಲ್ಲರಿಗಿಂತ ಕಡಿಮೆ ಕಸ ಮಾಡಿದ ಮನೆಯ ಬಾಗಿಲಿಗೆ ‘ಹಸಿರು ಮನೆ’ ಎಂಬ ಬೋರ್ಡು.

ನಿಜ ಹೇಳಬೇಕೆಂದರೆ ಗುಮಾಸ್ತರಿಗೆ ಆ ಬೋರ್ಡಿನ ಆಸೆ ಇರಲಿಲ್ಲ. ಅದು ಮೇಷ್ಟ್ರಿಗೆ ಸಿಗಬಾರದು ಎಂಬ ಆಸೆ ಇತ್ತು. ಮೇಷ್ಟ್ರ ಬಾಗಿಲಿಗೆ ಬೋರ್ಡು ಹೊಡೆದರೆ ಒಳಗಿರುವ ಮೇಷ್ಟ್ರಿಗೆ ಅದು ಕಾಣುವುದಿಲ್ಲ. ಎದುರು ಬಾಗಿಲು ತೆರೆದಾಗಲೆಲ್ಲ ಕಾಣುವುದು ಗುಮಾಸ್ತರಿಗೆ. ಹಾಲು ತರಲು ಹೋದರೆ ಹಸಿರು ಮನೆ, ಪೇಪರು ಎತ್ತಿಕೊಳ್ಳಲು ಬಗ್ಗಿದರೆ ಹಸಿರು ಮನೆ. ಸಾಲದ್ದಕ್ಕೆ ಮನೆಯಲ್ಲಿ ಹೆಂಡತಿ.

“ಮೇಷ್ಟ್ರು ದಿನಾ ಸೈಕಲ್ಲಲ್ಲೇ ಶಾಲೆಗೆ ಹೋಗ್ತಾರೆ. ಮೇಷ್ಟ್ರು ಬಟ್ಟೆ ಒಗೆದ ನೀರಲ್ಲಿ ನೆಲ ಒರೆಸ್ತಾರೆ. ನೀವು?”

ಪಂದ್ಯದ ಹಿಂದಿನ ದಿನ ಮೇಷ್ಟ್ರು ತಮ್ಮ ಬುಟ್ಟಿ ತೂಗಿ ನೋಡಿದರೆ ಎಂಬತ್ತೇ ಗ್ರಾಂ ಬಂತೆಂದು ಇಡೀ ಕಟ್ಟಡಕ್ಕೆ ಸುದ್ದಿಯಾಗಿತ್ತು. ಗುಮಾಸ್ತರು ಎಂಬತ್ತಕ್ಕಿಂತ ಕಡಿಮೆ ಯಾವುದೆಂದು ಯೋಚಿಸಿ ನೇರವಾಗಿ ಏನೂ ಇಲ್ಲದಲ್ಲಿಗೇ ಇಳಿದರು. ಅಂದಿನಿಂದ ಮನೆಯ ಕಸವೆಲ್ಲ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು, ಊಟದ ಚೀಲದಲ್ಲಿ ಕೂತು, ಬಸ್ಸು ಹತ್ತಿ ಅವರ ಕಚೇರಿಗೆ ಹೋಗತೊಡಗಿತು. ಅಲ್ಲಿ ಮೇಜಿನ ಕೆಳಗಿನ ಬುಟ್ಟಿಗೆ ಬೀಳುತ್ತಿತ್ತು. ಅಂಗಳದಲ್ಲಿ ಅವರ ಹನ್ನೆರಡನೇ ನಂಬರಿನ ಬುಟ್ಟಿ ತೊಳೆದಿಟ್ಟ ಹಾಗೆ ನಿಂತಿರುತ್ತಿತ್ತು. ಸೊನ್ನೆ ಬರೆದರೆ ಯಾರಾದರೂ ಅದರ ಪಕ್ಕ ಇನ್ನೊಂದು ಅಂಕಿ ಸೇರಿಸಿಯಾರೆಂದು ತೂಕದಮ್ಮ ದಿನಾ ಅಕ್ಷರದಲ್ಲೇ ಬರೆಯುತ್ತಿದ್ದಳು: ಹನ್ನೆರಡು, ಖಾಲಿ. ಏಳನೆಯ ದಿನ ಬೆಳಿಗ್ಗೆಯೂ ಅವಳು ಹಾಗೆಯೇ ಬರೆದದ್ದನ್ನು ಗುಮಾಸ್ತರು ಬಗ್ಗಿ ನೋಡಿ, ಮೇಷ್ಟ್ರ ಕಡೆ ತಿರುಗಿ ಕೆಮ್ಮಿದರು.

“ಅಭಿನಂದನೆ ಸಾರ್,” ಎಂದರು ಮೇಷ್ಟ್ರು. “ನಮಗೆ ಎಂಬತ್ತರ ಕೆಳಗೆ ಇಳಿಯೋಕೇ ಆಗ್ಲಿಲ್ಲ. ನೀವು ಹೇಗೆ ಮಾಡ್ತೀರೋ ಹೇಳಿಕೊಡಿ.”

ಆ ಮನುಷ್ಯನಿಗೆ ಸೋತರೂ ಸಿಟ್ಟು ಬರುವುದಿಲ್ಲವಲ್ಲ ಎಂದು ಗುಮಾಸ್ತರಿಗೆ ಮೈಯೆಲ್ಲ ಉರಿಯಿತು.

ಅವತ್ತು ಚೀಲ ಭಾರವಾಗಿತ್ತು. ಈರುಳ್ಳಿ ಸಿಪ್ಪೆ, ಕೊಳೆತ ಅರ್ಧ ಕುಂಬಳಕಾಯಿ, ಟೀ ಚರಟ. ಕಚೇರಿಗೆ ಬಂದು ಕುರ್ಚಿಯ ಮೇಲೆ ಕೂತು ಕಾಲಿನಿಂದ ತಡಕಿದರೆ ಮೇಜಿನ ಕೆಳಗೆ ಬುಟ್ಟಿ ಇಲ್ಲ.

“ಬುಟ್ಟಿ ಎಲ್ಲೂ ಇಲ್ಲ,” ಎಂದರು ಹೆಡ್ ಕ್ಲರ್ಕು. “ಇವತ್ತಿಂದ ಕಸಮುಕ್ತ ಕಚೇರಿ. ಅವರವರ ಕಸ ಅವರವರು ಮನೆಗೆ ತಗೊಂಡು ಹೋಗ್ಬೇಕು.”

ಊರು ಬೆಳೆದಂತೆಲ್ಲ ಊರಿನ ನಕಾಶೆಗೆ ಹೊಸ ಹಾಳೆ ಅಂಟಿಸುವುದು ಗುಮಾಸ್ತರ ಕೆಲಸ. ನಕಾಶೆ ಗೋಡೆ ತುಂಬಿ, ಮೂಲೆ ತಿರುಗಿ, ಹೋದ ವರ್ಷ ಕಿಟಕಿಯನ್ನೂ ಮುಚ್ಚಿತ್ತು. ಗಾಳಿಯಾಡದ ಆ ಕೋಣೆಯಲ್ಲಿ ಕುಂಬಳಕಾಯಿ ಹನ್ನೊಂದು ಗಂಟೆಯ ಹೊತ್ತಿಗೆ ತಾನಿರುವುದನ್ನು ತಿಳಿಸತೊಡಗಿತು.

“ಏನೋ ಸತ್ತಿದೆ,” ಎಂದಳು ಟೈಪಿಸ್ಟು, ಮೂಗಿಗೆ ಸೆರಗು ಹಿಡಿದು.

“ಗೋಂದು ಹಳಸಿರಬೇಕು,” ಎಂದರು ಗುಮಾಸ್ತರು.

“ಗೋಂದಲ್ಲ, ನಿಮ್ಮ ಊಟ,” ಎಂದರು ಹೆಡ್ ಕ್ಲರ್ಕು ಚೀಲದ ಬಳಿ ಬಗ್ಗಿ. “ಅಯ್ಯೋ ಪಾಪ, ಮನೇಲಿ ಜಗಳವಾ? ಇಂಥದ್ದು ಕಟ್ಟಿಕೊಟ್ಟಿದ್ದಾರಲ್ಲ. ಬನ್ನಿ, ನನ್ನ ಡಬ್ಬೀಲಿ ತಿನ್ನೋರಂತೆ.”

ಮಧ್ಯಾಹ್ನ ಮೂರಕ್ಕೆ ತಲೆನೋವೆಂದು ರಜೆ ಬರೆದುಕೊಟ್ಟು ಗುಮಾಸ್ತರು ಹೊರಬಿದ್ದರು. ಚೀಲವನ್ನು ಬಸ್ಸಿನ ಸೀಟಿನ ಕೆಳಗೆ ತಳ್ಳಿ, ಏನೂ ಅರಿಯದವರ ಹಾಗೆ ಇಳಿದರು. ಬಸ್ಸು ಇಪ್ಪತ್ತು ಗಜ ಹೋಗಿ ನಿಂತಿತು. ಕಂಡಕ್ಟರು ಚೀಲ ಹಿಡಿದುಕೊಂಡು ಓಡಿಬಂದು, “ಇಂಥಾ ಕಾಲದಲ್ಲೂ ಕಳೆದದ್ದು ವಾಪಸ್ ಸಿಗುತ್ತೆ ಸಾರ್,” ಎಂದು ಅವರ ಕೈಗಿಟ್ಟ. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ಮೆಚ್ಚುಗೆಯಿಂದ ನೋಡಿದರು. ಗುಮಾಸ್ತರು ಕೈಮುಗಿಯಲೇಬೇಕಾಯಿತು.

ರಸ್ತೆಯ ತಿರುವಿನಲ್ಲಿ ಇಪ್ಪತ್ತು ಮಹಡಿಯ ಕಟ್ಟಡಕ್ಕೆ ಪಾಯ ತೋಡಿದ್ದರು. ಮೊದಲು ಅದು ಕೆರೆಯಾಗಿತ್ತು. ನಕಾಶೆಯಲ್ಲಿ ಅದರ ಮೇಲೆ ಬಿಳಿ ಹಾಳೆ ಅಂಟಿಸಿದವರು ಗುಮಾಸ್ತರೇ. ಆಚೀಚೆ ನೋಡಿದರು. ಯಾರೂ ಇಲ್ಲ. ಚೀಲವನ್ನು ಬೀಸಿ ಗುಂಡಿಗೆ ಎಸೆದರು. ಅದು ಕೆಳಗೆ ಬಿದ್ದು ಒಂದು ನಿಮಿಷವಾಗಿರಲಿಲ್ಲ, ದೊಡ್ಡ ಲಾರಿಯೊಂದು ಗುಡುಗುತ್ತ ಹಿಂದಕ್ಕೆ ಬಂದು ಅದರ ಮೇಲೆ ಕಾಂಕ್ರೀಟು ಸುರಿಯಿತು. ಇಷ್ಟು ಚೆನ್ನಾಗಿ ಬಚ್ಚಿಟ್ಟ ಕಸ ಈ ಊರಿನಲ್ಲೇ ಇರಲಾರದೆಂದು ಅವರಿಗೆ ಸಮಾಧಾನವಾಯಿತು.

ಐದೂವರೆಗೆ ಮನೆ ಮುಟ್ಟಿದರೆ ಅಂಗಳದಲ್ಲಿ ಟೆಂಪೋ ನಿಂತಿದೆ. ಬೋರ್ಡು ಬಂತೆಂದು ಎದೆ ಅರಳಿತು. ಆದರೆ ಟೆಂಪೋದಿಂದ ಇಳಿಯುತ್ತಿದ್ದುದು ಹಾಸಿಗೆ, ಕಬ್ಬಿಣದ ಬೀರು, ಒಂದು ತೊಟ್ಟಿಲು. ಮೇಲೆ ಹೋದರೆ ತಮ್ಮದೇ ಮನೆಯಲ್ಲಿ ಕಂಡರಿಯದ ಹೆಂಗಸೊಬ್ಬಳು ಕಿಟಕಿಗೆ ಟೇಪು ಹಿಡಿದು ಪರದೆಯ ಅಳತೆ ತೆಗೆಯುತ್ತಿದ್ದಾಳೆ. ಹೆಂಡತಿ ಮೂಲೆಯಲ್ಲಿ ನಿಂತು ಅಳುತ್ತಿದ್ದಾಳೆ.

“ಯಾರಮ್ಮಾ ನೀವು?”

“ನಾವು ಮನೆಯವರು,” ಎಂದ ಹಾಸಿಗೆ ಹೊತ್ತು ಒಳಬಂದ ಅವಳ ಗಂಡ. “ಹದಿನಾಲ್ಕು ವರ್ಷ ಸರದೀಲಿ ಕಾದು ಇವತ್ತು ಸಿಕ್ಕಿದೆ. ನೀವೂ ಇಲ್ಲೇ ಅಕ್ಕಪಕ್ಕದವರಾ ಸಾರ್?”

ಗುಮಾಸ್ತರು ಕೆಳಗೆ ಓಡಿದರು. ಅಷ್ಟರಲ್ಲಿ ಇಡೀ ಕಟ್ಟಡ ಅಂಗಳದಲ್ಲಿ ಸೇರಿತ್ತು. ಪಾಲಿಕೆಯ ಮೇಲ್ವಿಚಾರಕರು ಕುರ್ಚಿ ಹಾಕಿ ಕೂತು ರಿಜಿಸ್ಟರು ತೆರೆದರು.

“ಇದರ ನಕಲು ದಿನಾ ವಸತಿ ವಿಭಾಗಕ್ಕೂ ಹೋಗುತ್ತೆ. ನೋಡಿ: ಹನ್ನೆರಡು, ಖಾಲಿ. ಹನ್ನೆರಡು, ಖಾಲಿ. ಏಳು ದಿನ ಮನೆ ಖಾಲಿ ಇದ್ರೆ ಮುಂದಿನವರಿಗೆ ಕೊಡಬೇಕು ಅಂತ ನಿಯಮ. ಹನ್ನೊಂದು ಸಾವಿರ ಜನ ಕಾಯ್ತಿದ್ದಾರೆ.”

“ಖಾಲಿ ಇದ್ದದ್ದು ಬುಟ್ಟಿ ಸಾರ್, ಮನೆಯಲ್ಲ.”

“ಬುಟ್ಟಿ ಅಂತ ಎಲ್ಲಿ ಬರೆದಿದೆ?”

“ಬುಟ್ಟಿ ತೂಗೋ ರಿಜಿಸ್ಟರಲ್ಲಿ ಬುಟ್ಟಿ ಅಂತ ಬೇರೆ ಬರೀಬೇಕಾ?” ಎಂದಳು ತೂಕದಮ್ಮ ಸಿಡುಕಿ.

“ನಾನು ನಿಮ್ಮ ಎದುರಿಗೇ ನಿಂತಿದ್ದೀನಲ್ಲ, ಕಾಣಲ್ವಾ?”

“ನನಗೆ ಕಾಣ್ತೀರಿ. ರಿಜಿಸ್ಟರಿಗೆ ಕಾಣಬೇಕಲ್ಲ. ಜನ ಇರೋ ಮನೇಲಿ ಏಳು ದಿನ ಕಸವೇ ಇಲ್ಲ ಅಂದ್ರೆ ಯಾರು ನಂಬ್ತಾರೆ?”

“ನಾನೂ ಈ ವಾರ ಇವರ ಮನೇಲಿ ಮಾತು ಕೇಳಿಲ್ಲಪ್ಪ,” ಎಂದಳು ಕೆಳಗಿನ ಮನೆಯ ಅಜ್ಜಿ, ಯಾರೂ ಕೇಳದಿದ್ದರೂ. ಅಜ್ಜಿಗೆ ಕಿವಿ ಕೇಳುತ್ತಿರಲಿಲ್ಲ.

ಹೆಂಡತಿ ಹಿಂದಿನಿಂದ ತಿವಿದಳು. “ಇದ್ದದ್ದು ಹೇಳಿಬಿಡಿ. ಮಾನ ಹೋದ್ರೆ ಹೋಗ್ಲಿ, ಮನೆ ಉಳೀಲಿ.”

ಇಪ್ಪತ್ನಾಲ್ಕು ಮನೆಯವರ ಎದುರು, ಮೇಷ್ಟ್ರ ಎದುರು, ಗುಮಾಸ್ತರು ತಲೆ ತಗ್ಗಿಸಿ ಎಲ್ಲವನ್ನೂ ಒಪ್ಪಿಕೊಂಡರು.

“ಸರಿ, ಆ ಕಸ ತೋರಿಸಿ,” ಎಂದರು ಮೇಲ್ವಿಚಾರಕರು. “ಎಲ್ಲಿದೆ?”

“ಇಪ್ಪತ್ತು ಮಹಡಿ ಕೆಳಗೆ.”

ಯಾರೋ ಕಿಸಕ್ಕೆಂದರು. ಮೇಲ್ವಿಚಾರಕರು ಗಡಿಯಾರ ನೋಡಿಕೊಂಡರು.

“ಆರು ಗಂಟೆಗೆ ಲೆಕ್ಕ ಮುಗಿಸ್ತೀನಿ. ಅಷ್ಟರಲ್ಲಿ ಒಂದು ವಾರದ ಹಳೇ ಕಸ ತಂದು ತೂಗಿಸಿದ್ರೆ ಮನೇಲಿ ಜನ ಇದ್ರು ಅಂತ ಬರೀತೀನಿ. ಈಗ ಸುಲಿದ ಸಿಪ್ಪೆ ನಡೆಯಲ್ಲ; ಯಾರ ಮನೇದು ಅಂತ ರಿಜಿಸ್ಟರು ಕೇಳಲ್ಲ.”

ಊರು ತುಂಬ ಕಸ; ಈ ಕಟ್ಟಡದಲ್ಲಿ ಮಾತ್ರ ಒಂದು ಹಿಡಿ ಇಲ್ಲ. ಎಲ್ಲರೂ ಬೆಳಿಗ್ಗೆಯೇ ಕೊಟ್ಟು ಕೈತೊಳೆದುಕೊಂಡಿದ್ದರು. ಗುಮಾಸ್ತರು ಒಂದೊಂದೇ ಬಾಗಿಲು ತಟ್ಟಿ ಬರಿಗೈಲಿ ಬಂದರು. ಕೊನೆಗೆ ಉಳಿದದ್ದು ಎದುರುಮನೆ. ಅದನ್ನು ತಟ್ಟುವುದಕ್ಕಿಂತ ಬೀದಿಯಲ್ಲಿ ಮಲಗುವುದೇ ಮೇಲೆನಿಸಿತು. ಆದರೆ ಒಳಗೆ ಪರದೆಯ ಹೆಂಗಸು ಎರಡನೇ ಕಿಟಕಿಗೆ ಹೋಗಿದ್ದಳು.

“ಮೇಷ್ಟ್ರೇ... ಸ್ವಲ್ಪ ಕಸ ಇದ್ರೆ...”

“ಅದಕ್ಕೇನು ಸಾರ್,” ಎಂದರು ಮೇಷ್ಟ್ರು. “ನಮ್ಮ ಸಿಪ್ಪೆಯೆಲ್ಲ ಬಾಲ್ಕನಿ ಡ್ರಮ್ಮಲ್ಲೇ ಗೊಬ್ಬರವಾಗೋದು. ವಾರದ್ದು ಪೂರ್ತಿ ಇದೆ, ಹಿಡೀರಿ.”

ತಾವೇ ಒಂದು ಕಡೆ ಹಿಡಿದು ಡ್ರಮ್ಮನ್ನು ಅಂಗಳಕ್ಕೆ ಇಳಿಸಿಕೊಟ್ಟರು. ಜನ ಚಪ್ಪಾಳೆ ತಟ್ಟಿದರು. ತೂಕದಮ್ಮ ತೂಗಿ, ಖಾಲಿ ಎಂಬುದನ್ನು ಹೊಡೆದುಹಾಕಿ, ಹನ್ನೆರಡು, ಒಂಬತ್ತು ಕಿಲೋ ಎಂದು ಬರೆದಳು. ಪರದೆಯ ಹೆಂಗಸಿನ ಗಂಡ ತೊಟ್ಟಿಲನ್ನು ಮತ್ತೆ ಟೆಂಪೋಗೆ ಏರಿಸಿದ. ಗುಮಾಸ್ತರ ಮನೆ ಉಳಿಯಿತು.

“ಇನ್ನು ಬೋರ್ಡು,” ಎಂದರು ಮೇಲ್ವಿಚಾರಕರು. ಹಸಿರು ಬೋರ್ಡು ಮೇಷ್ಟ್ರ ಬಾಗಿಲಿಗೆ ಹೋಯಿತು. ಗುಮಾಸ್ತರು ಹಲ್ಲು ಕಚ್ಚಿ ಬಾಗಿಲು ಹಾಕಿಕೊಳ್ಳಲು ಹೋದರು.

“ಹಾಕಬೇಡಿ ಸಾರ್, ಇನ್ನೊಂದಿದೆ,” ಎಂದರು ಹಿಂದೆಯೇ ಮೇಲೆ ಬಂದ ಮೇಲ್ವಿಚಾರಕರು. “ಎಲ್ಲರಿಗಿಂತ ಜಾಸ್ತಿ ಕಸದ ಮನೆಗೂ ಒಂದು ಹೊಡೀಬೇಕು ಅಂತ ಆದೇಶ. ಒಂದು ವರ್ಷ ತೆಗೆಯೋ ಹಾಗಿಲ್ಲ.”

ಅದು ಕೆಂಪು ಬಣ್ಣದ್ದು, ಹಸಿರಿನದಕ್ಕಿಂತ ಎರಡು ಪಟ್ಟು ದೊಡ್ಡದು. ಮೊಳೆ ಹೊಡೆಯುವವನಿಗೆ ಕೈ ಎಟುಕಲಿಲ್ಲ. ಮೇಷ್ಟ್ರು ಒಳಗಿನಿಂದ ತಮ್ಮ ಸ್ಟೂಲು ತಂದು, ಅದು ಅಲುಗಾಡದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತರು.

“ಸ್ವಲ್ಪ ಎಡಗಡೆ ಮೇಲೆ ಮಾಡಪ್ಪ,” ಎಂದರು. “ಪಾಪ, ಅವರ ಬೋರ್ಡು ವಾಲಿದೆ.”